ಚಿಕಿತ್ಸೆಯ ಗುಣದೋಷಗಳನ್ನು ತೋರುವ ಚಿತ್ರಗಳು

ರೋಗದಿಂದ ಬಳಲುವವನು ವೈದ್ಯನ ಮುಂದೆ ಕುಳಿತಾಗ ಅವನ ಮನದಲ್ಲಿ ಏಳುವ ಪ್ರಶ್ನೆಗಳು ಮೂರು. ಈ ಚಿಕಿತ್ಸೆಯಿಂದ ಗುಣವಾದೀತೇ ಎಂಬುದು ಮೊದಲನೆಯದು. ಇದರಿಂದಲೇ ಕೇಡೇನಾದರೂ ಒದಗೀತೇ ಎಂಬುದು ಎರಡನೆಯದು. ಏನನ್ನೂ ಮಾಡದೆ ಸುಮ್ಮನಿದ್ದರೆ ಗತಿಯೇನು ಎಂಬುದು ಮೂರನೆಯದು. ಈ ಮೂರಕ್ಕೂ ಉತ್ತರ ಕೊಡುವುದು ವೈದ್ಯನ ಧರ್ಮವೆಂಬುದರಲ್ಲಿ ಈಗ ವಿವಾದವಿಲ್ಲ. ಉತ್ತರವನ್ನು ರೋಗಿಯ ಬುದ್ಧಿಗೆ ಮುಟ್ಟಿಸುವುದು ಹೇಗೆಂಬುದೇ ಕಷ್ಟದ ವಿಷಯ. ‘ಸ್ವಲ್ಪ ಅಪಾಯವುಂಟು’ ಎಂಬ ಮಾತಿನಲ್ಲಿ ಸ್ವಲ್ಪವೆಂದರೆ ಎಷ್ಟೆಂಬುದು ಹೇಳಿದವನಿಗೊಂದು, ಕೇಳಿದವನಿಗೊಂದು. ಶೇಕಡಾ ಲೆಕ್ಕದಿಂದ ಹೇಳಿದರೆ ಲೆಕ್ಕ ಬಲ್ಲವರೂ ಆಗಾಗ ಬೇರೆಯಾಗಿ ತಿಳಿಯುವರು. ಆದುದರಿಂದ ಚಿಕಿತ್ಸೆಯ ಗುಣವನ್ನೂ ದೋಷವನ್ನೂ ಚಿತ್ರದಲ್ಲಿ ಬರೆದು ರೋಗಿಯ ಕಣ್ಣಮುಂದಿಡುವ ಪದ್ಧತಿಯೊಂದು ಬೆಳೆದುಬಂದಿದೆ. ಈ ಪದ್ಧತಿಯ ಚರಿತ್ರೆಯನ್ನು, ನಮ್ಮ ನಾಡಿಗೆ ಸಂಬಂಧಪಟ್ಟಷ್ಟು ಮಟ್ಟಿಗೆ, ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ನಮ್ಮ ಪ್ರಾಚೀನರು ಈ ವಿಷಯವನ್ನು ಕಾಣದೆ ಹೋದವರಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಉದರರೋಗದ ಪ್ರಕರಣವೊಂದಿದೆ. ಬೇರಾವ ಔಷಧಕ್ಕೂ ಬಗ್ಗದ ಉದರಕ್ಕೆ ಕಡೆಯ ಉಪಾಯವಾಗಿ ಅಲ್ಲಿ ವಿಷಪ್ರಯೋಗವನ್ನು ವಿಧಿಸಿದೆ. ಆದರೆ ಅದಕ್ಕೆ ಕೈಯಿಕ್ಕುವ ಮೊದಲು ವೈದ್ಯನು ರೋಗಿಯ ಜ್ಞಾತಿಗಳು, ಮಿತ್ರರು, ಪತ್ನಿ, ಗುರುಹಿರಿಯರು, ಅರಸು ಇವರೆಲ್ಲರಿಗೂ ಫಲವು ಸಂದಿಗ್ಧವೆಂಬುದನ್ನು ಬಾಯಿಬಿಟ್ಟು ತಿಳಿಸಿ, ಅವರ ಅನುಮತಿಯನ್ನು ಪಡೆಯತಕ್ಕದ್ದೆಂದು ಸಂಹಿತಾಕಾರನ ಕಟ್ಟಳೆ. ಸುಶ್ರುತನೂ ಅಶ್ಮರಿಯನ್ನು, ಎಂದರೆ ಮೂತ್ರಕೋಶದ ಕಲ್ಲನ್ನು, ಶಸ್ತ್ರದಿಂದ ತೆಗೆಯುವ ಮುನ್ನ ಒಡೆಯನ ಅಪ್ಪಣೆ ಬೇಕೆಂದಿರುವನು. ಇಬ್ಬರ ಯುಕ್ತಿಯೂ ಒಂದೇ. ಸುಮ್ಮನಿದ್ದರೆ ಸಾವು ನಿಶ್ಚಿತವಾಗಿರುವಲ್ಲಿ, ಸಂಶಯದ ಫಲವಾದರೂ ಲೇಸು. ಆದರೆ ಆ ಸಂಶಯವನ್ನು ಮರೆಮಾಚಬಾರದು.

ಇದು ಅತಿಶಯವಾದ ಮಾತೆಂಬುದು ನಿರ್ವಿವಾದ. ಆದರೂ ಇಲ್ಲಿ ಒಂದು ಕೊರತೆಯುಂಟು. ಸಂಶಯವೆಂದರೆ ಎಷ್ಟು ಸಂಶಯ? ನೂರು ಮಂದಿಗೆ ಈ ಪ್ರಯೋಗ ಮಾಡಿದರೆ ಬದುಕುವವರೆಷ್ಟು, ಸಾಯುವವರೆಷ್ಟು? ನೂರರಲ್ಲಿ ತೊಂಬತ್ತು ಮಂದಿ ಬದುಕಿದರೂ ಸಂಶಯವೇ. ಹತ್ತು ಮಂದಿ ಬದುಕಿದರೂ ಸಂಶಯವೇ. ಆದರೆ ರೋಗಿಯ ನಿರ್ಧಾರಕ್ಕೆ ಇವೆರಡೂ ಒಂದೇ ಅಲ್ಲವಷ್ಟೆ. ಸಂಶಯಕ್ಕೆ ಅಳತೆ ಬೇಕಾದರೆ ರೋಗಿಗಳನ್ನು ಎಣಿಸಬೇಕು. ಈ ಎಣಿಕೆಗೆ ಲೋಕದಲ್ಲಿ ಮೊದಲು ದಾರಿಮಾಡಿಕೊಟ್ಟ ರೋಗಗಳಲ್ಲಿ ಸಿಡುಬು ಮುಖ್ಯವಾದುದು.

ಸಿಡುಬಿನ ಪರಿಚಯವನ್ನು ನಮ್ಮ ಕಡೆಯ ಹಿರಿಯರಿಗೆ ಹೇಳಬೇಕಾದುದಿಲ್ಲ. ಮೈಲಿಯೆಂದೂ ಮಾರಿಯೆಂದೂ ಅದನ್ನು ಅಂಜಿ ಕರೆಯುತ್ತಿದ್ದರು. ಆಟಿ ತಿಂಗಳ ಜಡಿಮಳೆಯಲ್ಲಿ ಕಳೆಂಜನು ತಾಳೆಗರಿಯ ಕೊಡೆ ಹಿಡಿದು ಮನೆಯಂಗಳಕ್ಕೆ ಬಂದು ಕುಣಿದು ಮಾರಿಯನ್ನು ಊರಾಚೆ ಕಳೆಯುವನೆಂಬ ನಂಬಿಕೆ ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಹಳ್ಳಿಗಳಲ್ಲಿ ಇಂದಿಗೂ ಉಂಟು. ಈ ರೋಗಕ್ಕೆ ಹಿಂದಿನವರು ಕಂಡುಕೊಂಡಿದ್ದ ಉಪಾಯವೆಂದರೆ, ಸಿಡುಬಿನ ಗುಳ್ಳೆಯ ಕೀವನ್ನೋ ಒಣಗಿದ ಹೊಪ್ಪಳೆಯನ್ನೋ ಆರೋಗ್ಯವಂತರಿಗೆ ಬೇಕೆಂದೇ ಅಂಟಿಸಿ, ಸೌಮ್ಯವಾದ ಸಿಡುಬನ್ನು ಬರಿಸಿ, ಮುಂದೆ ಘೋರವಾದುದು ಬಾರದಂತೆ ಮಾಡುವುದು. ಬಂಗಾಳದಲ್ಲಿ ಟೀಕಾದಾರರೆಂಬವರು ಹೀಗೆ ಮಾಡುತ್ತಿದ್ದುದನ್ನು ಹಾಲ್ವೆಲ್ ಎಂಬ ಆಂಗ್ಲನು ೧೭೬೭ರಲ್ಲಿ ವರ್ಣಿಸಿರುವನು. ಈ ಉಪಾಯದಲ್ಲಿ ಗುಣವೂ ಇತ್ತು, ದೋಷವೂ ಇತ್ತು. ಸೌಮ್ಯವಾಗಿ ಬರಬೇಕಾದುದು ಕೆಲವರಿಗೆ ಪ್ರಾಣಾಂತಿಕವಾಗುತ್ತಿತ್ತು. ಅವರಿಂದ ನೆರೆಯವರಿಗೂ ಹರಡಬಹುದಾಗಿತ್ತು.

೧೭೨೧ರಲ್ಲಿ ಅಮೆರಿಕೆಯ ಬಾಸ್ಟನ್ ಪಟ್ಟಣದಲ್ಲಿ ಸಿಡುಬು ಹಬ್ಬಿದಾಗ ಬಾಯ್ಲ್‌ಸ್ಟನ್ ಎಂಬ ವೈದ್ಯನು ಸುಮಾರು ೨೪೦ ಮಂದಿಗೆ ಈ ಉಪಾಯವನ್ನು ನಡೆಸಿದನು. ಅವರಲ್ಲಿ ಸತ್ತವರು ಆರು ಮಂದಿ. ತಾನಾಗಿ ಸಿಡುಬು ತಗಲಿದವರು ಅದೇ ಪಟ್ಟಣದಲ್ಲಿ ಸುಮಾರು ೬,೦೦೦. ಅವರಲ್ಲಿ ಸತ್ತವರು ೮೪೦ಕ್ಕೂ ಮಿಕ್ಕಿ. ಎಂದರೆ ಒಂದು ಕಡೆ ನಾಲ್ವತ್ತರಲ್ಲಿ ಒಬ್ಬ, ಇನ್ನೊಂದು ಕಡೆ ಏಳರಲ್ಲಿ ಒಬ್ಬ. ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿಯಾಗಿದ್ದ ಜೇಮ್ಸ್ ಜ್ಯೂರಿನ್ ಇಂತಹ ಲೆಕ್ಕಗಳನ್ನು ಹಲವು ಊರುಗಳಿಂದ ತರಿಸಿ ಪ್ರಕಟಿಸಿದನು. ಬಳಿಕ ೧೭೬೦ರಲ್ಲಿ ಡೇನಿಯಲ್ ಬರ್ನೂಲಿ ಎಂಬ ಗಣಿತಜ್ಞನು, ಎಲ್ಲರಿಗೂ ಹೀಗೆ ಮಾಡಿಸಿದರೆ ಜನರ ಸರಾಸರಿ ಆಯುಷ್ಯವು ೨೬ ವರ್ಷ ೭ ತಿಂಗಳಿನಿಂದ ೨೯ ವರ್ಷ ೯ ತಿಂಗಳಿಗೆ ಏರುವುದೆಂದು ಗಣಿಸಿ ತೋರಿಸಿದನು.

ಇದಕ್ಕೆ ದಲಂಬೇರ್ ಎಂಬ ಇನ್ನೊಬ್ಬ ಗಣಿತಜ್ಞನು ಎತ್ತಿದ ಆಕ್ಷೇಪವು ಮನನ ಮಾಡತಕ್ಕದ್ದಾಗಿದೆ. ಮೂರು ವರ್ಷಗಳ ಲಾಭವು ಬಾಳಿನ ಕೊನೆಯಲ್ಲಿ ಎಂದೋ ಬರತಕ್ಕದ್ದು; ಸಾಯುವ ಭಯವಾದರೋ ಇಂದು ಕೀವು ಅಂಟಿಸಿದ ಕೆಲವೇ ದಿನಗಳೊಳಗೆ ಎದುರಾಗತಕ್ಕದ್ದು. ಇವೆರಡನ್ನು ಒಂದೇ ತಕ್ಕಡಿಯಲ್ಲಿ ತೂಗಿ ಇಷ್ಟು ಹೆಚ್ಚು, ಇಷ್ಟು ಕಡಮೆ ಎಂದರೆ ಮಗುವನ್ನು ಎತ್ತಿಕೊಂಡು ನಿಂತ ತಾಯಿಗೆ ಸಮಾಧಾನವಾಗುವುದೇ? ಅರಸನಿಗೆ ಸಾಲುವ ಲೆಕ್ಕ ಬೇರೆ, ತಾಯಿಗೆ ಬೇಕಾದ ಲೆಕ್ಕ ಬೇರೆ ಎಂಬುದು ಅವನ ಅಭಿಪ್ರಾಯದ ಸಾರ. ಎಣಿಕೆಯು ಸಂಶಯಕ್ಕೆ ಅಳತೆಯನ್ನು ಕೊಟ್ಟಿತು. ಆದರೆ ಆ ಅಳತೆಯು ನಿರ್ಧಾರ ಮಾಡಬೇಕಾದವರ ಕೈಗೆ ತಲುಪಲಿಲ್ಲ. ಚಿತ್ರದ ಆವಶ್ಯಕತೆ ಕಾಣುವುದು ಇಲ್ಲಿಯೇ.

ತಿಳಿಯಲು ಕಷ್ಟವಾದುದನ್ನು ಚಿತ್ರದಿಂದ ತಿಳಿಸುವುದು ನಮ್ಮವರಿಗೆ ಹೊಸದಲ್ಲ. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಕಾಪಾಡಿಕೊಂಡು ಬಂದ ಧವಲಾದಿ ಸಿದ್ಧಾಂತಗ್ರಂಥಗಳ ಹನ್ನೆರಡನೆಯ ಶತಮಾನದ ತಾಳೆಯೋಲೆಗಳಲ್ಲಿ ಬಣ್ಣದ ಚಿತ್ರಗಳಿರುವುದು ಲೋಕಪ್ರಸಿದ್ಧ. ಜೈನರು ಉಪದೇಶಕ್ಕಾಗಿ ಬರೆಯಿಸುತ್ತಿದ್ದ ಇನ್ನೊಂದು ಚಿತ್ರ ಷಡ್ಲೇಶ್ಯೆಗಳದು. ಶ್ರವಣಬೆಳಗೊಳದ ಮಠದ ಗೋಡೆಯ ಮೇಲೆ ಇದನ್ನು ಕಾಣಬಹುದಾಗಿದೆ. ಒಂದು ಹಣ್ಣಿನ ಮರ; ಅದರ ಸುತ್ತ ಆರು ಮಂದಿ ಹಸಿದವರು. ಒಬ್ಬನು ಮರವನ್ನು ಬುಡಸಹಿತ ಕಡಿಯಹೊರಟಿರುವನು. ಎರಡನೆಯವನು ಹಿರಿಗೊಂಬೆಯನ್ನು, ಮೂರನೆಯವನು ಕಿರುಗೊಂಬೆಯನ್ನು, ನಾಲ್ಕನೆಯವನು ಗೊಂಚಲನ್ನು ಕಡಿಯುವನು. ಐದನೆಯವನು ಹಣ್ಣನ್ನು ಮಾತ್ರ ಕೊಯ್ಯುವನು. ಆರನೆಯವನು ತಾನಾಗಿ ನೆಲಕ್ಕೆ ಬಿದ್ದುದನ್ನು ಆರಿಸಿಕೊಳ್ಳುವನು. ಆತ್ಮದ ಪರಿಣಾಮಗಳ ತರತಮವನ್ನು ತಿಳಿಸಲು ಬರೆದ ಚಿತ್ರವಿದು. ಆರು ಮಂದಿಗೂ ದೊರೆಯುವ ಫಲ ಒಂದೇ. ಆದರೆ ಆ ಫಲಕ್ಕಾಗಿ ಆಗುವ ಕೇಡು ಎಷ್ಟೆಷ್ಟೆಂಬುದು ಒಂದೇ ಮರದ ಮೇಲೆ ಕಾಣುತ್ತದೆ. ಫಲವನ್ನೊಂದು ಹಲಗೆಯಲ್ಲಿ, ಕೇಡನ್ನು ಇನ್ನೊಂದು ಹಲಗೆಯಲ್ಲಿ ಬರೆದಿದ್ದರೆ ಈ ತರತಮವು ಗೋಚರಿಸುತ್ತಿರಲಿಲ್ಲ. ಚಿಕಿತ್ಸೆಯ ಚಿತ್ರಕ್ಕೂ ಇದೇ ಲಕ್ಷಣವಿರಬೇಕೆಂಬುದನ್ನು ವಾಚಕರು ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ. ಮುಂದೆ ಹೇಳುವುದೆಲ್ಲ ಈ ಒಂದು ಮಾತಿನ ವಿಸ್ತಾರವೇ ಆಗಿದೆ.

ಕನ್ನಡನಾಡಿನಲ್ಲಿ ಚಿಕಿತ್ಸೆಯೊಂದರ ಪ್ರಯೋಜನವನ್ನು ತೋರುವ ಪ್ರಸಿದ್ಧ ಚಿತ್ರವು ಮೈಸೂರರಮನೆಯದು. ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ೧೭೯೬ರಲ್ಲಿ ಗೋಸಿಡುಬಿನ ರಸದಿಂದ ಸಿಡುಬನ್ನು ತಡೆಯಬಹುದೆಂದು ಪ್ರಯೋಗದಿಂದ ಕಂಡು, ೧೭೯೮ರಲ್ಲಿ ಅದನ್ನು ಪ್ರಕಟಿಸಿದನು. ೧೮೦೨ರ ಜೂನ್ ೧೪ರಂದು ಮುಂಬಯಿಯಲ್ಲಿ ಮೂರು ವರ್ಷದ ಹೆಣ್ಣುಮಗುವೊಂದಕ್ಕೆ ಹಾಕಿದ ಮೈಲಿಯೇ ಭಾರತದಲ್ಲಿ ಯಶಸ್ವಿಯಾದ ಮೊದಲನೆಯದು. ಅಲ್ಲಿಂದ ತೋಳಿನಿಂದ ತೋಳಿಗೆ ದಾಟುತ್ತ ಆ ರಸವು ದಕ್ಷಿಣಕ್ಕೆ ಬಂದಿತು. ಆಗ ಮೈಸೂರಿನಲ್ಲಿ ಬಾಲಕರಾದ ಮುಮ್ಮಡಿ ಕೃಷ್ಣರಾಜ ಒಡೆಯರು ಪಟ್ಟದಲ್ಲಿದ್ದರು. ಪೂರ್ಣಯ್ಯನವರು ದಿವಾನರಾಗಿ ಆಡಳಿತ ನಡೆಸುತ್ತಿದ್ದರು.

೧೮೦೫ರ ಸುಮಾರಿಗೆ ತಾಮಸ್ ಹಿಕಿ ಎಂಬ ಚಿತ್ರಕಾರನು ಅರಮನೆಯ ಮೂವರು ಸ್ತ್ರೀಯರ ತೈಲಚಿತ್ರವನ್ನು ಬರೆದನು. ಬಹುಕಾಲ ಇದನ್ನು ನರ್ತಕಿಯರ ಚಿತ್ರವೆಂದು ತಿಳಿದಿದ್ದರು. ನೈಜೆಲ್ ಚಾನ್ಸೆಲರ್ ಎಂಬ ಚರಿತ್ರಕಾರರು ೨೦೦೧ರಲ್ಲಿ ಇದಕ್ಕೆ ಬೇರೊಂದು ಅರ್ಥವನ್ನು ಹೇಳಿದರು. ಅವರ ಅಭಿಪ್ರಾಯದಂತೆ ಚಿತ್ರದ ಬಲಗಡೆಯಲ್ಲಿರುವವರು ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿ. ಸೀರೆಯ ಸೆರಗನ್ನು ಸರಿಸಿ, ಮೈಲಿ ಹಾಕಿಸಿಕೊಂಡ ಎಡತೋಳಿನ ಎಡೆಯನ್ನು ಬೆರಳಿನಿಂದ ತೋರುತ್ತಿರುವರು. ಎಡಗಡೆಯಲ್ಲಿರುವವರು ಅದೇ ಹೆಸರಿನ ಹಿರಿಯ ರಾಣಿ. ಅವರ ಮೂಗಿನ ಕೆಳಗೂ ಬಾಯಿಯ ಸುತ್ತಲೂ ಮೈಬಣ್ಣವು ಮಾಸಿರುವುದು. ಹೊಪ್ಪಳೆಯ ಪುಡಿಯನ್ನು ಮೂಗಿನಲ್ಲಿ ಏರಿಸುವ ಹಳೆಯ ಉಪಾಯದ ಗುರುತು ಅದೆಂದು ಚಾನ್ಸೆಲರರ ಊಹೆ. ಹೊಸ ರಾಣಿಗೆ ಮೈಲಿ ಹಾಕಿದುದು ಜನರ ಮೇಲೆ ಒಳ್ಳೆಯ ಪರಿಣಾಮವನ್ನುಂಟುಮಾಡಿ ಹಲವರು ಮುಂದೆ ಬಂದರೆಂಬ ಅರ್ಥದ ಮಾತು ೧೮೦೬ರ ದಾಖಲೆಯಲ್ಲಿರುವುದು ಈ ಊಹೆಗೆ ಬಲವನ್ನು ಕೊಡುತ್ತದೆ.

ಈ ಅರ್ಥವನ್ನು ಒಪ್ಪಿದರೆ ಹಿಕಿಯ ಚಿತ್ರವು ಎರಡು ಚಿಕಿತ್ಸೆಗಳನ್ನು ಒಂದೇ ಚೌಕಟ್ಟಿನಲ್ಲಿ ಜೊತೆಜೊತೆಯಾಗಿ ನಿಲ್ಲಿಸಿ ಹೋಲಿಸಿದ ಚಿತ್ರವಾಗುವುದು. ಹಳೆಯದು ಮುಖದಲ್ಲಿ ಕಲೆಯನ್ನು ಉಳಿಸಿತು; ಹೊಸದು ತೋಳಿನಲ್ಲಿ ಸಣ್ಣ ಗುರುತನ್ನು ಮಾತ್ರ ಉಳಿಸಿತು. ಓದುಬರಹ ಬಾರದವರಿಗೂ ಇದು ತಿಳಿಯತಕ್ಕ ಮಾತು. ಅಂತಃಪುರದ ಸ್ತ್ರೀಯರು ಪರದೇಶೀಯ ಚಿತ್ರಕಾರನ ಮುಂದೆ ತೋಳನ್ನು ತೋರಿ ನಿಂತುದೂ ಆ ಕಾಲಕ್ಕೆ ಸಾಧಾರಣವಾದ ಸಂಗತಿಯಲ್ಲ. ಆದರೂ ಇದು ಗುಣವನ್ನು ಸಾರುವ ಚಿತ್ರವೇ ಹೊರತು ಗುಣದೋಷಗಳನ್ನು ತೂಗುವ ಚಿತ್ರವಲ್ಲ. ಮೈಲಿ ಹಾಕಿದ ಎಷ್ಟು ಮಂದಿಗೆ ಅದು ಹಿಡಿಯಲಿಲ್ಲ, ಎಷ್ಟು ಮಂದಿಯ ತೋಳು ಬಾತು ಜ್ವರ ಬಂದಿತು ಎಂಬುದು ಅಲ್ಲಿ ಕಾಣದು. ರಾಣಿಯೇ ಹಾಕಿಸಿಕೊಂಡಿರುವಳು, ನೀನೂ ಹಾಕಿಸಿಕೋ ಎಂಬುದು ಅದರ ಉಪದೇಶ. ನಂಬಿಸುವುದು ಒಂದು, ತಿಳಿಸುವುದು ಇನ್ನೊಂದು. ಸಿಡುಬಿನಂತಹ ಮಾರಿಯೆದುರಿಗೆ ನಂಬಿಸುವುದೇ ಸಾಕೆಂದು ಆಗಿನವರಿಗೆ ತೋರಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಲೆಕ್ಕವನ್ನೇ ಚಿತ್ರವಾಗಿ ಬರೆಯುವ ಕಲೆಯು ಇದಾದ ಅರ್ಧ ಶತಮಾನದ ಬಳಿಕ ವೈದ್ಯಕ್ಕೆ ಬಂದಿತು. ಕ್ರಿಮಿಯಾ ಯುದ್ಧದಲ್ಲಿ ಗಾಯಾಳುಗಳ ಶುಶ್ರೂಷೆ ಮಾಡಿದ ಫ್ಲಾರೆನ್ಸ್ ನೈಟಿಂಗೇಲ್ ೧೮೫೮ರಲ್ಲಿ ಪ್ರಕಟಿಸಿದ ಚಿತ್ರವು ಸುಪ್ರಸಿದ್ಧ. ಚಕ್ರದ ಎಲೆಗಳಂತೆ ಸುತ್ತಲೂ ಹರಡಿದ ಹನ್ನೆರಡು ತಿಂಗಳುಗಳು. ಅವುಗಳಲ್ಲಿ ಗಾಯದಿಂದ ಸತ್ತವರಿಗೆ ಕೆಂಪು, ತಡೆಯಬಹುದಾದ ರೋಗಗಳಿಂದ ಸತ್ತವರಿಗೆ ನೀಲಿ, ಇತರ ಕಾರಣಗಳಿಗೆ ಕಪ್ಪು. ಕೆಂಪಿಗಿಂತ ನೀಲಿಯು ಎಷ್ಟೋ ಪಾಲು ದೊಡ್ಡದಾಗಿರುವುದನ್ನು ಕಂಡವನಿಗೆ, ಸಿಪಾಯಿಗಳನ್ನು ಕೊಂದುದು ಶತ್ರುವಿನ ಗುಂಡಲ್ಲ, ಕೊಳೆಯೆಂಬುದು ಒಡನೆ ತಿಳಿಯುತ್ತಿತ್ತು. ಭಾರತದ ಸೈನ್ಯದ ಆರೋಗ್ಯವನ್ನು ಕುರಿತ ೧೮೬೩ರ ವರದಿಗೂ ಆಕೆ ಬಹಳ ದುಡಿದಿರುವಳು. ಆದರೆ ಈ ಚಿತ್ರಗಳನ್ನು ಆಕೆ ಬರೆದುದು ಮಂತ್ರಿಗಳಿಗಾಗಿ, ಅಧಿಕಾರಿಗಳಿಗಾಗಿ. ಹಾಸಿಗೆಯಲ್ಲಿ ಮಲಗಿದ ಸಿಪಾಯಿಗಾಗಿ ಅಲ್ಲ.

ಜನರ ಕೈಗೆ ಬಂದ ಚಿತ್ರವೊಂದು ೧೯೭೦ರ ದಶಕದ ಸಿಡುಬು ನಿರ್ಮೂಲನದ ಕಾಲದ್ದು. ಸಿಡುಬಿನ ಗುಳ್ಳೆಗಳೆದ್ದ ಮಗುವಿನ ಬಣ್ಣದ ಚಿತ್ರವಿದ್ದ ಚೀಟಿಯನ್ನು ಹಿಡಿದು ಆರೋಗ್ಯ ಕಾರ್ಯಕರ್ತರು ಹಳ್ಳಿ, ಸಂತೆ, ಶಾಲೆಗಳಿಗೆ ಹೋಗಿ, ಇಂತಹ ರೋಗಿಯನ್ನು ಕಂಡಿರುವಿರಾ ಎಂದು ಕೇಳುತ್ತಿದ್ದರು. ೧೯೭೫ರಲ್ಲಿ ಭಾರತದ ಕಡೆಯ ರೋಗಿ ಕಂಡುಬಂದುದೂ ೧೯೮೦ರಲ್ಲಿ ಲೋಕವೇ ಸಿಡುಬಿನಿಂದ ಮುಕ್ತವಾಯಿತೆಂದು ಸಾರಿದುದೂ ಎಲ್ಲರೂ ಬಲ್ಲ ವಿಷಯ. ಆ ಚೀಟಿಯು ರೋಗವನ್ನು ಗುರುತಿಸಲು ನೆರವಾಯಿತು. ಚಿಕಿತ್ಸೆಯನ್ನು ಒಪ್ಪುವುದೋ ಬಿಡುವುದೋ ಎಂಬ ವಿಚಾರ ಅದರ ಕೆಲಸವಾಗಿರಲಿಲ್ಲ.

ರೋಗಿಯೇ ನೋಡಿ ನಿರ್ಧರಿಸತಕ್ಕ ಚಿತ್ರಗಳು ಹುಟ್ಟಿದುದು ಈಚಿನ ಕೆಲವು ದಶಕಗಳಲ್ಲಿ. ಅವುಗಳ ಅಗತ್ಯವನ್ನು ತೋರಿಸಿದ ಒಂದು ಪ್ರಸಂಗವನ್ನು ಹೇಳುವೆನು. ೧೯೯೫ರಲ್ಲಿ ಬ್ರಿಟನ್ನಿನಲ್ಲಿ, ಕೆಲವು ಹೊಸ ಬಗೆಯ ಗರ್ಭನಿರೋಧಕ ಗುಳಿಗೆಗಳಿಂದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವು ಇಮ್ಮಡಿಯಾಗುವುದೆಂದು ಅಧಿಕೃತವಾಗಿ ಎಚ್ಚರಿಸಿದರು. ಇಮ್ಮಡಿಯೆಂದ ಕೂಡಲೇ ಹೆದರಿ ಅನೇಕ ಸ್ತ್ರೀಯರು ಗುಳಿಗೆಯನ್ನು ಬಿಟ್ಟುಬಿಟ್ಟರು. ನಿಜಸ್ಥಿತಿಯೆಂದರೆ, ೭,೦೦೦ ಮಂದಿಯಲ್ಲಿ ಒಬ್ಬಳಿಗೆ ಬರುತ್ತಿದ್ದುದು ಇಬ್ಬರಿಗೆ ಬರುವಂತಾಗಿತ್ತು. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಗರ್ಭಪಾತಗಳು ಸುಮಾರು ೧೩,೦೦೦ದಷ್ಟು ಹೆಚ್ಚಾದುವೆಂದು ಅಂದಾಜು ಮಾಡಿರುವರು. ‘ಇಮ್ಮಡಿ’ ಎಂಬುದು ಸುಳ್ಳಲ್ಲ; ಆದರೆ ಯಾವುದರ ಇಮ್ಮಡಿಯೆಂಬುದನ್ನು ಹೇಳದ ನಿಜವು ಸುಳ್ಳಿನಷ್ಟೇ ಕೇಡು ಮಾಡಿತು. ಏಳು ಸಾವಿರ ಚುಕ್ಕಿಗಳ ನಡುವೆ ಒಂದು ಕರಿಚುಕ್ಕಿಯನ್ನೂ, ಪಕ್ಕದ ಹಾಳೆಯಲ್ಲಿ ಅಷ್ಟೇ ಚುಕ್ಕಿಗಳ ನಡುವೆ ಎರಡು ಕರಿಚುಕ್ಕಿಗಳನ್ನೂ ಬರೆದು ತೋರಿಸಿದ್ದರೆ ಅಷ್ಟು ಭಯಕ್ಕೆ ಎಡೆಯಿರುತ್ತಿತ್ತೇ?

ಜರ್ಮನಿಯ ಗೆರ್ಡ್ ಗಿಗರೆನ್ಸರ್, ಅಮೆರಿಕೆಯ ಲೀಸಾ ಶ್ವಾರ್ಟ್ಸ್, ಸ್ಟೀವನ್ ವೊಲೋಶಿನ್ ಮೊದಲಾದವರು ಈ ವಿಷಯದಲ್ಲಿ ದುಡಿದಿರುವರು. ನೂರೋ ಸಾವಿರವೋ ಮಂದಿಯನ್ನು ಚುಕ್ಕಿಗಳಾಗಿ ಇಲ್ಲವೆ ಪುಟ್ಟ ಗೊಂಬೆಗಳಾಗಿ ಸಾಲಾಗಿ ಬರೆದು, ಔಷಧ ತೆಗೆದುಕೊಂಡವರಲ್ಲಿ ಗುಣಹೊಂದಿದವರೆಷ್ಟು, ಕೇಡಿಗೆ ಗುರಿಯಾದವರೆಷ್ಟು, ತೆಗೆದುಕೊಳ್ಳದವರಲ್ಲಿ ಎಷ್ಟೆಷ್ಟು ಎಂಬುದನ್ನು ಬಣ್ಣದಿಂದ ಬೇರ್ಪಡಿಸುವುದು ಇವುಗಳಲ್ಲಿ ಮುಖ್ಯವಾದ ಬಗೆ. ಇದಕ್ಕೆ ನಿಯಮಗಳು ನಾಲ್ಕು. ಎರಡು ಕಡೆಗಳಲ್ಲಿಯೂ ಒಟ್ಟು ಸಂಖ್ಯೆ ಒಂದೇ ಇರಬೇಕು. ಗುಣದೋಷಗಳೆರಡನ್ನೂ ಒಂದೇ ಅಳತೆಯಲ್ಲಿ ಬರೆಯಬೇಕು. ಎಷ್ಟು ಕಾಲದ ಲೆಕ್ಕವೆಂಬುದನ್ನು ಹೇಳಬೇಕು. ಯಾವ ವಯಸ್ಸಿನ, ಯಾವ ಸ್ಥಿತಿಯ ಜನರ ಲೆಕ್ಕವೆಂಬುದನ್ನೂ ಹೇಳಬೇಕು. ಮಠದ ಗೋಡೆಯ ಮರದಲ್ಲಿ ಫಲವೂ ಕೇಡೂ ಒಟ್ಟಿಗೆ ಕಂಡಂತೆ ಇಲ್ಲಿಯೂ ಕಾಣಬೇಕೆಂಬುದೇ ಈ ನಿಯಮಗಳ ತಾತ್ಪರ್ಯ.

ಇದಕ್ಕೆ ನಮ್ಮೆಲ್ಲರ ಅನುಭವಕ್ಕೆ ಹತ್ತಿರವಾದ ನಿದರ್ಶನವುಂಟು. ೨೦೨೧ರ ಏಪ್ರಿಲ್ ೭ರಂದು ಬ್ರಿಟನ್ನಿನ ಅಧಿಕಾರಿಗಳು, ಕೇಂಬ್ರಿಜ್ ವಿಶ್ವವಿದ್ಯಾನಿಲಯದ ವಿಂಟನ್ ಸೆಂಟರ್ ಸಿದ್ಧಪಡಿಸಿದ ಚಿತ್ರವೊಂದನ್ನು ಜನರ ಮುಂದಿಟ್ಟರು. ಅದು ಆಸ್ಟ್ರಾಜೆನೆಕಾ ಕೊರೋನ ಲಸಿಕೆಯದು. ನಮ್ಮಲ್ಲಿ ಕೋವಿಶೀಲ್ಡ್ ಎಂಬ ಹೆಸರಿನಿಂದ ಕೊಟ್ಟುದು ಇದೇ ಲಸಿಕೆ. ಚಿತ್ರದ ಒಂದು ಪಕ್ಕದಲ್ಲಿ ಹದಿನಾರು ವಾರಗಳಲ್ಲಿ ಲಸಿಕೆಯಿಂದ ತಪ್ಪುವ ತೀವ್ರ ನಿಗಾ ಘಟಕದ ದಾಖಲೆಗಳು. ಇನ್ನೊಂದು ಪಕ್ಕದಲ್ಲಿ ರಕ್ತ ಹೆಪ್ಪುಗಟ್ಟುವಿಕೆಯಂತಹ ಗಂಭೀರ ಹಾನಿಗಳು. ಸೋಂಕು ಕಡಮೆಯಿರುವ ಕಾಲದಲ್ಲಿ, ಅರುವತ್ತರಿಂದ ಅರುವತ್ತೊಂಬತ್ತು ವಯಸ್ಸಿನ ಹತ್ತು ಲಕ್ಷ ಮಂದಿಗೆ ಲಾಭ ೧೪೧, ಹಾನಿ ೨. ಇಪ್ಪತ್ತರಿಂದ ಇಪ್ಪತ್ತೊಂಬತ್ತು ವಯಸ್ಸಿನವರಿಗಾದರೋ ಲಾಭ ೮, ಹಾನಿ ೧೧. ಮೂವತ್ತು ದಾಟದವರಿಗೆ ಬೇರೆ ಲಸಿಕೆಯಿದ್ದಲ್ಲಿ ಅದನ್ನೇ ಕೊಡತಕ್ಕದ್ದೆಂಬ ಸಲಹೆ ಅಂದೇ ಹೊರಟಿತು. ಅಜ್ಜನಿಗೆ ಒಳ್ಳೆಯದಾದುದು ಮೊಮ್ಮಗನಿಗೆ ಅಷ್ಟು ಒಳ್ಳೆಯದಲ್ಲದಿರಬಹುದೆಂಬುದನ್ನು ಒಂದೇ ನೋಟದಲ್ಲಿ ತಿಳಿಸಿದ ಚಿತ್ರವಿದು. ಸೋಂಕು ಹೆಚ್ಚಿರುವ ಕಾಲಕ್ಕೆ ಬರೆದ ಚಿತ್ರದಲ್ಲಿ ಲಾಭದ ಪಕ್ಕವು ಎಲ್ಲ ವಯಸ್ಸಿನವರಿಗೂ ಹಿಗ್ಗಿದ್ದಿತೆಂಬುದನ್ನೂ ಗಮನಿಸಬೇಕು. ಆದುದರಿಂದ ಒಂದು ದೇಶದ, ಒಂದು ಕಾಲದ ಚಿತ್ರವನ್ನು ಹಾಗೆಯೇ ಎತ್ತಿ ಇನ್ನೊಂದೆಡೆ ಅಂಟಿಸಿದರೆ ಅದು ನಿಜವನ್ನು ಹೇಳಲಾರದು. ನಮ್ಮ ಊರಿನ ಚಿತ್ರವನ್ನು ನಮ್ಮ ಊರಿನ ಲೆಕ್ಕದಿಂದಲೇ ಬರೆಯಬೇಕು.

ಹೀಗೆ ಬರೆಯಬೇಕಾದ ಚಿತ್ರಗಳಲ್ಲಿ ನಮ್ಮ ಜಿಲ್ಲೆಯ ಪಾಲಿಗೆ ಅಗತ್ಯವಾದುದು ಮಂಗನ ಕಾಯಿಲೆಯದು. ಶಿವಮೊಗ್ಗ ಜಿಲ್ಲೆಯ ಸೊರಬ ಸೀಮೆಯ ಕ್ಯಾಸನೂರು ಕಾಡಿನಲ್ಲಿ ೧೯೫೭ರಲ್ಲಿ ಮಂಗಗಳು ಸತ್ತುಬಿದ್ದಾಗ ಕಂಡುಬಂದ ಈ ರೋಗವು ಉಣ್ಣಿಗಳಿಂದ ಹರಡತಕ್ಕದ್ದು. ೧೯೮೨-೮೩ರಲ್ಲಿ ಬೆಳ್ತಂಗಡಿ ತಾಲೂಕಿನ ಪಟ್ರಮೆ, ನಿಡ್ಲೆಗಳ ಕಡೆಯಲ್ಲಿ ಗೇರುತೋಟಕ್ಕಾಗಿ ಕಾಡನ್ನು ಕಡಿದ ಬಳಿಕ ಇದು ಮಾರಿಯಂತೆ ಹಬ್ಬಿತು. ರೋಗ ತಗಲಿದವರು ಸಾವಿರಕ್ಕೂ ಮಿಕ್ಕಿ, ಸತ್ತವರು ನೂರಕ್ಕೂ ಮಿಕ್ಕಿ. ಕಾಡಿಗೆ ಹೋಗಿ ಕಡಿದವರು, ಸೊಪ್ಪು ಸೌದೆ ತರುವವರು, ದನ ಮೇಯಿಸುವವರು ಇಂತಹ ಬಡಜನರೇ ಈ ರೋಗಕ್ಕೆ ಹೆಚ್ಚಾಗಿ ಗುರಿಯಾಗತಕ್ಕವರು.

ಈ ರೋಗಕ್ಕೆ ಸಿದ್ಧಪಡಿಸಿದ ಲಸಿಕೆಯನ್ನು ೧೯೯೦-೯೨ರಲ್ಲಿ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಪರೀಕ್ಷಿಸಿದರು. ಲಸಿಕೆ ತೆಗೆದುಕೊಳ್ಳದ ಸುಮಾರು ೩೭,೦೦೦ ಮಂದಿಯಲ್ಲಿ ೩೨೫ ಮಂದಿಗೆ ರೋಗ ಬಂದಿತು. ಎರಡು ಸಲ ತೆಗೆದುಕೊಂಡ ಸುಮಾರು ೨೧,೦೦೦ ಮಂದಿಯಲ್ಲಿ ೧೦ ಮಂದಿಗೆ ಮಾತ್ರ. ಇದನ್ನು ಶೇಕಡಾ ಲೆಕ್ಕದಲ್ಲಿ ಹೇಳಿದರೆ ಲಸಿಕೆಯು ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿ ಫಲಕಾರಿ. ಈ ಮಾತನ್ನು ಕೇಳಿದವನು, ನೂರು ಮಂದಿ ಲಸಿಕೆ ಹಾಕಿಸಿಕೊಂಡರೆ ತೊಂಬತ್ತು ಮಂದಿ ರೋಗದಿಂದ ಪಾರಾದರೆಂದು ತಿಳಿಯುವನು. ನಿಜವು ಹಾಗಲ್ಲ. ಅಡಿಕೆಯ ಲೆಕ್ಕದಿಂದ ನಮ್ಮವರಿಗೆ ಇದನ್ನು ಹೇಳಬಹುದು. ಸುಲಿದ ಹತ್ತು ಸಾವಿರ ಅಡಿಕೆಯಲ್ಲಿ ೮೭ ಕರಿಗೋಟು ಇದ್ದರೆ, ಲಸಿಕೆಯಿಲ್ಲದ ಹತ್ತು ಸಾವಿರ ಮಂದಿಯಲ್ಲಿ ರೋಗ ಬಂದವರ ಪ್ರಮಾಣ ಅಷ್ಟು. ಇನ್ನೊಂದು ಹತ್ತು ಸಾವಿರದ ರಾಶಿಯಲ್ಲಿ ೫ ಕರಿಗೋಟು ಇದ್ದರೆ, ಎರಡು ಸಲ ಲಸಿಕೆ ಪಡೆದವರ ಪ್ರಮಾಣ ಅಷ್ಟು. ನೂರು ಸಾಲು, ಸಾಲಿಗೆ ನೂರು ಚುಕ್ಕಿಯಂತೆ ಬರೆದರೆ ಮೊದಲನೆಯ ಹಾಳೆಯಲ್ಲಿ ಕರಿಚುಕ್ಕಿಗಳು ಒಂದು ಸಾಲನ್ನೂ ತುಂಬಲಾರವು; ಎರಡನೆಯದರಲ್ಲಿ ಒಂದು ಕೈಯ ಬೆರಳೆಣಿಕೆ. ರೋಗ ಬಂದ ನೂರರಲ್ಲಿ ಸುಮಾರು ಮೂವರಿಂದ ಐವರು ಸಾಯುವರಾದುದರಿಂದ ಮೊದಲನೆಯ ಹಾಳೆಯ ಮೂರು ನಾಲ್ಕು ಚುಕ್ಕಿಗಳಿಗೆ ಮತ್ತೊಂದು ಬಣ್ಣವನ್ನು ಕೊಡಬೇಕಾಗುವುದು.

ಅದೇ ಹಾಳೆಯಲ್ಲಿ ಲಸಿಕೆಯ ಕಷ್ಟವನ್ನೂ ಬರೆಯಬೇಕು. ಚುಚ್ಚಿದೆಡೆಯಲ್ಲಿ ನೋವು ಹೆಚ್ಚು. ತಿಂಗಳ ಅಂತರದಲ್ಲಿ ಎರಡು ಸಲ, ಆರರಿಂದ ಒಂಬತ್ತು ತಿಂಗಳೊಳಗೆ ಮತ್ತೊಮ್ಮೆ, ಆಮೇಲೆ ಐದು ವರ್ಷ ವರ್ಷಕ್ಕೊಮ್ಮೆ ಚುಚ್ಚಿಸಿಕೊಳ್ಳಬೇಕಾಗಿತ್ತು. ಜನರು ಹಿಂಜರಿದುದಕ್ಕೆ ಈ ನೋವೂ ಒಂದು ಕಾರಣ. ೨೦೦೫ರಿಂದ ೨೦೧೦ರವರೆಗಿನ ಲೆಕ್ಕವನ್ನು ತೆಗೆದಾಗ ಎರಡು ಸಲದ ಫಲವು ನೂರಕ್ಕೆ ೬೨.೪ಕ್ಕೂ ಮರುಲಸಿಕೆ ಪಡೆದವರಲ್ಲಿ ೮೨.೯ಕ್ಕೂ ನಿಂತಿತು. ಹಿಂದಿನ ಚಿತ್ರವನ್ನು ಗೋಡೆಯ ಮೇಲೆ ಹಾಗೆಯೇ ಬಿಟ್ಟಿದ್ದರೆ ಅದು ಹಳೆಯ ಪಂಚಾಂಗವಾಗುತ್ತಿತ್ತು. ಕೊನೆಗೆ ೨೦೨೨ರಲ್ಲಿ ಆ ಲಸಿಕೆಯ ಬಳಕೆಯನ್ನೇ ನಿಲ್ಲಿಸಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ಹೊಸದೊಂದರ ಸಿದ್ಧತೆ ನಡೆದಿದೆ. ಅದು ಪಟ್ರಮೆ, ನಿಡ್ಲೆಗಳ ಮನೆಬಾಗಿಲಿಗೆ ಬರುವ ದಿನ ಅದರೊಂದಿಗೆ ರಾಣಿಯ ತೋಳಿನಂತಹ ಚಿತ್ರ ಬರುವುದೋ, ಚುಕ್ಕಿಗಳ ಚಿತ್ರ ಬರುವುದೋ ಎಂಬುದು ಸಣ್ಣ ವಿಷಯವಲ್ಲ. ಲಸಿಕೆ ಪಡೆದವರಲ್ಲಿಯೂ ಐವರಿಗೆ ರೋಗ ಬಂದೀತೆಂದು ಮೊದಲೇ ಕಂಡವನು, ನೆರೆಮನೆಯವನಿಗೆ ಬಂದಾಗ ಮೋಸವಾಯಿತೆನ್ನನು. ಕಾಣದವನು ಮುಂದಿನ ಲಸಿಕೆಯನ್ನೂ ನಂಬನು.

ಕಾನೂನೂ ಇದನ್ನೇ ಕೇಳುತ್ತದೆ. ೨೦೦೮ರ ಜನವರಿ ೧೬ರಂದು ಸಮೀರಾ ಕೊಹ್ಲಿ ಪ್ರಕರಣದಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು, ಚಿಕಿತ್ಸೆಯ ಸ್ವರೂಪ, ಅದರ ಪ್ರಯೋಜನ, ಮುಖ್ಯವಾದ ಅಪಾಯಗಳು, ಬೇರೆ ಉಪಾಯಗಳು, ಚಿಕಿತ್ಸೆಯನ್ನು ಬಿಟ್ಟರೆ ಆಗುವ ಪರಿಣಾಮ ಇವುಗಳನ್ನು ರೋಗಿಗೆ ತಿಳಿಸಿಯೇ ಒಪ್ಪಿಗೆ ಪಡೆಯತಕ್ಕದ್ದೆಂದು ತೀರ್ಪಿತ್ತಿದೆ. ಮೊದಲಲ್ಲಿ ಹೇಳಿದ ಮೂರು ಪ್ರಶ್ನೆಗಳೂ ಇದರಲ್ಲಿ ಅಡಗಿರುವುದನ್ನು ವಾಚಕರು ಕಾಣಬಹುದು. ಆದರೆ ಮನೆಯಲ್ಲಿ ತುಳುವನ್ನೋ ಬ್ಯಾರಿಯನ್ನೋ ಕೊಂಕಣಿಯನ್ನೋ ಆಡುವ ಮುದುಕಿಯ ಮುಂದೆ ಇಂಗ್ಲಿಷಿನ ಅಚ್ಚುಹಾಳೆಯನ್ನು ಹಿಡಿದು ಹೆಬ್ಬೆಟ್ಟು ಒತ್ತಿಸಿದರೆ, ಕಾನೂನಿನ ಅಕ್ಷರ ಉಳಿದೀತು, ಅರ್ಥ ಉಳಿಯದು. ಚುಕ್ಕಿಗೆ ಭಾಷೆಯ ಹಂಗು ಕಡಮೆ. ಆದುದರಿಂದ ನಮ್ಮಂತಹ ಹಲವು ನುಡಿಗಳ ಸೀಮೆಗೆ ಈ ಚಿತ್ರಗಳು ವಿಶೇಷವಾಗಿ ಒಪ್ಪತಕ್ಕವು.

ಇಲ್ಲಿ ಎರಡು ಆಕ್ಷೇಪಗಳು ಬರಬಹುದು. ಅಪಾಯವನ್ನು ಕಣ್ಣಿಗೆ ಕಟ್ಟಿದಂತೆ ತೋರಿದರೆ ರೋಗಿಯು ಹೆದರಿ ಓಡುವನೆಂಬುದು ಒಂದು. ಹೆದರಿಕೆಯು ಹೆಚ್ಚುವುದು ಅಳತೆ ತಿಳಿಯದಾಗ. ಏಳು ಸಾವಿರದಲ್ಲಿ ಒಂದು ಚುಕ್ಕಿಯನ್ನು ಕಂಡವನು ಅಷ್ಟು ಹೆದರಲಾರನೆಂಬುದು ಗುಳಿಗೆಯ ಪ್ರಸಂಗದಿಂದಲೇ ಊಹ್ಯವಾಗಿದೆ. ಚಿತ್ರವೂ ಮೋಸ ಮಾಡೀತೆಂಬುದು ಎರಡನೆಯದು. ಇದು ನಿಜವಾದ ಆಕ್ಷೇಪ. ಗುಣವನ್ನು ನೂರರ ಲೆಕ್ಕದಲ್ಲಿ, ದೋಷವನ್ನು ಲಕ್ಷದ ಲೆಕ್ಕದಲ್ಲಿ ಬರೆದರೆ. ಗುಣಕ್ಕೆ ಹೊಳೆಯುವ ಬಣ್ಣ, ದೋಷಕ್ಕೆ ಮಂಕುಬಣ್ಣ ಕೊಟ್ಟರೆ. ಔಷಧದ ಕಂಪನಿಯೇ ಚಿತ್ರವನ್ನು ಬರೆಯಿಸಿ ಹಂಚಿದರೆ ನೋಡುವವನು ಮೋಸಹೋಗುವನು. ಆದುದರಿಂದ ಇಂತಹ ಚಿತ್ರವನ್ನು ನೋಡುವ ಪಾಠವೂ ಶಾಲೆಗಳಲ್ಲಿ ಆಗಬೇಕು. ಎರಡು ಪಕ್ಕಗಳ ಒಟ್ಟು ಒಂದೇ ಉಂಟೋ ಎಂದು ಕೇಳಲು ಹತ್ತು ವರ್ಷದ ಮಗುವಿಗೂ ಕಲಿಸಬಹುದು. ಆಶಾ ಕಾರ್ಯಕರ್ತೆಯರಿಗೂ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೂ ಒಂದು ಹಲಗೆ, ಎರಡು ಬಣ್ಣದ ಸುಣ್ಣದ ಕಡ್ಡಿ ಇದ್ದರೆ ಸಾಕು. ದೊಡ್ಡ ಯಂತ್ರಗಳೇನೂ ಬೇಡ. ಸರಿಯಾದ ಲೆಕ್ಕವನ್ನು ಒದಗಿಸುವುದು ಮಾತ್ರ ಸರಕಾರದ ಮತ್ತು ವೈದ್ಯಕೀಯ ಕಾಲೇಜುಗಳ ಹೊಣೆ.

ಚಿತ್ರವು ವೈದ್ಯನ ಮಾತಿನ ಸ್ಥಾನವನ್ನು ಹಿಡಿಯಲಾರದೆಂಬುದನ್ನೂ ಹೇಳಬೇಕಾಗಿದೆ. ಹತ್ತು ಸಾವಿರ ಚುಕ್ಕಿಗಳಲ್ಲಿ ತಾನು ಯಾವ ಚುಕ್ಕಿಯೆಂಬುದನ್ನು ಯಾವ ರೋಗಿಯೂ ಅರಿಯನು, ಯಾವ ವೈದ್ಯನೂ ಅರಿಯನು. ಅಲ್ಲಿ ಬೇಕಾದುದು ಧೈರ್ಯದ ಮಾತು, ಒಡನಿರುವ ಮನೆಮಂದಿ. ಆದರೆ ಧೈರ್ಯ ಹೇಳುವ ಮೊದಲು ಸಂಶಯವನ್ನು ಹೇಳತಕ್ಕದ್ದೆಂದು ಚರಕನ ಸಂಹಿತೆಯು ವಿಧಿಸಿದೆ. ಆ ಸಂಶಯ ಎಷ್ಟೆಂದು ಹೇಳುವ ಸಾಧನ ಆಗ ಇರಲಿಲ್ಲ, ಈಗ ಉಂಟು. ಉಂಟಾದ ಮೇಲೆ ಹೇಳದಿರುವುದು ವೈದ್ಯಧರ್ಮಕ್ಕೆ ಒಪ್ಪುವುದಿಲ್ಲ.